ವಾಪಸು ಬಂದ ಪೊಟ್ಟಣ ಯಾರ ಲೆಕ್ಕಕ್ಕೆ?

ಆಲ್ದೂರು ಕಡೆ ಮಳೆ ಹಿಡಿಯಿತೆಂದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಅಂಥ ಒಂದು ವಾರದಲ್ಲೇ ನಮ್ಮ ಪುಟ್ಟ ಕಾಫಿಪುಡಿ ವ್ಯಾಪಾರಕ್ಕೆ ಜಿಎಸ್‌ಟಿ ಆಡಿಟ್ ನೋಟಿಸ್ ಬಂದಿತ್ತು. ಅಂಚೆಯಣ್ಣ ತಂದುಕೊಟ್ಟದ್ದಲ್ಲ, ಪೋರ್ಟಲ್‌ನ ಯಾವುದೋ ಮೂಲೆಯಲ್ಲಿ ಕುಳಿತಿತ್ತು. ಚಿಕ್ಕಮಗಳೂರಿನ ನಮ್ಮ ಆಡಿಟರ್ ಫೋನ್ ಮಾಡಿ, “ಏನಮ್ಮಾ, ಇನ್ನೂ ನೋಡಿಲ್ಲವೇ?” ಎಂದು ಗದರಿದಾಗಲೇ ನನಗೆ ಗೊತ್ತಾದದ್ದು. ಕನಿಷ್ಠ 15 ಕೆಲಸದ ದಿನ ಮೊದಲು ತಿಳಿಸಬೇಕು ಎನ್ನುತ್ತದೆ ಕಾನೂನು. ತಿಳಿಸಿದ್ದರು. ಅದರಲ್ಲಿ ಅರ್ಧ ದಿನಗಳನ್ನು ಮಳೆ ತಿಂದಿತ್ತು.

ಲೆಕ್ಕ ಕೇಳುವುದು ತಪ್ಪೆಂದು ನಾನು ಹೇಳುವುದಿಲ್ಲ. ಹಸಿ ಕಾಫಿಬೀಜಕ್ಕೆ ತೆರಿಗೆಯಿಲ್ಲ, ಹುರಿದರೆ 5%. (ಇದು ಬೆಂಕಿಗೆ ಹಾಕಿದ ತೆರಿಗೆ ಎಂದು ನನ್ನ ಅತ್ತೆ ನಗುತ್ತಾರೆ.) ಆ 5% ಗ್ರಾಹಕರಿಂದ ಪಡೆದದ್ದು, ನನ್ನದಲ್ಲ. ನನ್ನ ತಕರಾರು ಇರುವುದು ಅಧಿಕಾರಿಗಳು ಯಾವ ಅಂಕಿಯಿಂದ ಲೆಕ್ಕ ಶುರು ಮಾಡುತ್ತಾರೆ ಎಂಬುದರ ಬಗ್ಗೆ.

ನಮ್ಮ ಪುಡಿ ಮಾರಿಕೊಡುವ ಆನ್‌ಲೈನ್ ಕಂಪನಿ ನಮ್ಮ ಮಾರಾಟವನ್ನು ತಿಂಗಳು ತಿಂಗಳೂ ಸರ್ಕಾರಕ್ಕೆ ಒಪ್ಪಿಸುತ್ತದೆ, ಜಿಎಸ್‌ಟಿ ಕಡೆಗೆ ಮೂಲದಲ್ಲೇ ಒಂದು ಪಾಲು ಹಿಡಿಯುತ್ತದೆ. ಮೊದಲು 1% ಇತ್ತು, 2024ರ ಜುಲೈನಿಂದ 0.5%. ಆದಾಯ ತೆರಿಗೆಯವರದು ಬೇರೆ ಕಡಿತ. 400 ರೂಪಾಯಿಯ ಪೊಟ್ಟಣ ಹೋದರೆ ಕಂಪನಿಯ ಕಡತದಲ್ಲಿ 400. ಕಮಿಷನ್, ಕೊರಿಯರ್, ಜಾಹೀರಾತು ಕಳೆದು ನನ್ನ ಖಾತೆಗೆ ಬೀಳುವುದು 270. ನಾನು ಸಲ್ಲಿಸುವ ಜಿಎಸ್‌ಟಿ ರಿಟರ್ನ್‌ನಲ್ಲಿ ಒಂದು ಅಂಕಿ, ಬ್ಯಾಂಕಿನಲ್ಲಿ ಒಂದು, ಕಂಪನಿಯ ವರದಿಯಲ್ಲಿ ಇನ್ನೊಂದು. ಮೂರೂ ತಾಳೆಯಾಗುವುದಿಲ್ಲ, ಎದುರು ಕುಳಿತ ಅಧಿಕಾರಿಯ ಹುಬ್ಬು ಏರುತ್ತದೆ.

ಇನ್ನು ವಾಪಸು ಬರುವ ಮಾಲು. ಮಾರ್ಚ್ ಕೊನೆಯಲ್ಲಿ ಪುಣೆಗೆ ಹೋದ ಪೊಟ್ಟಣ ಸೀಲು ಒಡೆದು, ನಾಲ್ಕು ಚಮಚ ಖಾಲಿಯಾಗಿ ಏಪ್ರಿಲ್‌ನಲ್ಲಿ ಬಂತು. ಮಾರಿದ್ದು ಒಂದು ಆರ್ಥಿಕ ವರ್ಷ, ಮರಳಿದ್ದು ಮತ್ತೊಂದು. “ದಾಸ್ತಾನಿನಲ್ಲಿ ಕಾಣುತ್ತಿಲ್ಲವಲ್ಲ, ಎಲ್ಲಿದೆ?” ಎಂದು ಅಧಿಕಾರಿ ಕೇಳಿದರು. ಗಿಡದ ಬುಡಕ್ಕೆ ಸುರಿದೆ ಎಂದೆ. ಅವರು ನಕ್ಕರು, ನಕ್ಕು ಬರೆದುಕೊಂಡರು. ಎಸೆದ ಸರಕಿನ ಮೇಲೆ ಪಡೆದ ಇನ್‌ಪುಟ್ ಕ್ರೆಡಿಟ್ಟನ್ನು, ಅಂದರೆ ನಾವು ಕೊಳ್ಳುವಾಗ ತೆತ್ತ ತೆರಿಗೆಗೆ ಸಿಗುವ ವಜಾವನ್ನು, ಹಿಂದಿರುಗಿಸಬೇಕಂತೆ. ಕವರಿನ ಮೇಲಿನ ಕ್ರೆಡಿಟ್ ಒಂದೆರಡು ರೂಪಾಯಿಯೂ ಇರಲಿಲ್ಲ. ಅದನ್ನು ವಿವರಿಸಲು ಆಡಿಟರಿಗೆ ಕೊಟ್ಟ ಶುಲ್ಕದ ಮಾತು ಬೇಡ.

ನನ್ನ ತಪ್ಪೂ ಇದೆ. ಪುಡಿ ಮಾರಿದ ದುಡ್ಡು, ಚೀಟಿಯ ದುಡ್ಡು, ಅಕ್ಕ ಕೊಟ್ಟ ಕೈಗಡ ಎಲ್ಲವೂ ಒಂದೇ ಖಾತೆಗೆ ಬೀಳುತ್ತಿದ್ದವು. ಆ ಕೈಗಡ ವ್ಯಾಪಾರದ್ದಲ್ಲ ಎಂದು ನಂಬಿಸಲು ಅಕ್ಕನಿಂದ ಪತ್ರ ಬರೆಸಿಕೊಂಡು ಹೋದೆ.

ಆದರೂ ಒಂದು ಮಾತು ನುಂಗಲಾಗುತ್ತಿಲ್ಲ. ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಅಂಗಡಿಯವರು ಊರಿನಲ್ಲೇ ಮಾರಿಕೊಂಡಿದ್ದರೆ ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿಯ ಗೊಡವೆಯಿಲ್ಲ. 2023ರ ಅಕ್ಟೋಬರ್‌ನಿಂದ ಆನ್‌ಲೈನಿನಲ್ಲೂ ರಾಜ್ಯದೊಳಗೆ ಮಾತ್ರ ಮಾರುವ ಸಣ್ಣವರಿಗೆ ಆ ವಿನಾಯಿತಿ ಸಿಕ್ಕಿದೆ. ಪುಣೆಗೆ ಒಂದೇ ಒಂದು ಕಿಲೋ ಕಳಿಸಿದರೂ ನೋಂದಣಿ ಕಡ್ಡಾಯ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್‌ನವರಿಗೆ ನೋಟಿಸ್ ಹೋದಾಗ ಎಷ್ಟೋ ಜನ ಕ್ಯೂಆರ್ ಫಲಕ ತೆಗೆದಿಟ್ಟರು. ತೆಗೆದಿಡಲು ನಮ್ಮ ಬಳಿ ಫಲಕವೂ ಇಲ್ಲ. ನಮ್ಮಂಥವರ ಆಡಿಟ್ ಮಾಡುವಾಗ ಮೊದಲು ವಾಪಸಾದ ಮಾಲಿನ ಪಟ್ಟಿ ನೋಡಿ, ಆಮೇಲೆ ವ್ಯತ್ಯಾಸದ ಮೊತ್ತ ಬರೆಯಿರಿ ಎಂದಷ್ಟೇ ನಾನು ಕೇಳುವುದು.

ನಿನ್ನೆ ಇನ್ನೊಂದು ಪೊಟ್ಟಣ ಮರಳಿತು. ಫೋಟೊ ತೆಗೆದು, ದಿನಾಂಕ ಬರೆದು ಅಟ್ಟಕ್ಕೆ ಏರಿಸಿದ್ದೇನೆ. ಲೆಕ್ಕಪತ್ರಗಳನ್ನು 72 ತಿಂಗಳು ಕಾಯ್ದಿಡಬೇಕು. ಪುಡಿಯನ್ನೂ ಇಡಬೇಕೇ ಎಂದು ಅತ್ತೆ ಕೇಳುತ್ತಿದ್ದಾರೆ.