ಸುಮ್ನೆ ಒಂದು ಸಹಿ ಅಂತೆ!

ಇನ್ನೊಬ್ಬ ನನ್ನ ಮನೆ ಬಾಗಿಲಿಗೆ ಬಂದು "ಸುಮ್ನೆ ಒಂದು ಸಹಿ ಸರ್, ಐದು ನಿಮಿಷದ ಕೆಲಸ" ಅಂದರೆ ನಾನು ಏನು ಮಾಡ್ತೀನೋ ನನಗೇ ಗೊತ್ತಿಲ್ಲ. ಹದಿನಾಲ್ಕು ತಿಂಗಳಾಯಿತು. ಈ ಐದು ನಿಮಿಷ ಇನ್ನೂ ಮುಗಿದಿಲ್ಲ.

ವಿಷಯ ಇಷ್ಟೇ. ಗ್ಯಾಸ್ ಪೈಪ್‌ಲೈನ್ ಹೋಗುತ್ತದೆ, ನಮ್ಮ ಜಮೀನು ಅದರ ದಾರಿಯಲ್ಲಿ ಇದೆ. ಜಮೀನು ಕೊಂಡುಕೊಳ್ಳುವುದಿಲ್ಲವಂತೆ. ಪೈಪ್ ಹಾಕಿ ಮಣ್ಣು ಮುಚ್ಚಿ ಹೋಗುವ ಹಕ್ಕು ಮಾತ್ರ ಬೇಕಂತೆ. ಅದಕ್ಕೆ ಈಸ್‌ಮೆಂಟ್ ಅಂತ ಹೆಸರು. "ಜಮೀನು ನಿಮ್ಮದೇ ಸರ್, ಮೇಲೆ ಬೆಳೆ ಬೆಳ್ಕೊಳ್ಳಿ, ಕೆಳಗೆ ನಾವು ಇರ್ತೀವಿ, ನಿಮಗೆ ಗೊತ್ತೇ ಆಗಲ್ಲ." ಮೊದಲನೇ ಏಜೆಂಟ್ ಹೇಳಿದ ಮಾತು ಇದು. ಎರಡನೆಯವನೂ ಇದನ್ನೇ ಹೇಳಿದ. ಎಲ್ಲಿಯೋ ಕೂರಿಸಿ ಬಾಯಿಪಾಠ ಮಾಡಿಸಿ ಕಳಿಸುತ್ತಾರೆ ಅನ್ನಿಸುತ್ತದೆ.

ಆ ಮೊದಲನೆಯವನು ತುಂಬಾ ಒಳ್ಳೆಯವನ ಹಾಗೆ ಇದ್ದ. ಕೂತ, ಮಕ್ಕಳನ್ನು ಮಾತಾಡಿಸಿದ, ಅಪ್ಪನ ಮಂಡಿ ನೋವು ವಿಚಾರಿಸಿದ. ಆಮೇಲೆ ಬ್ಯಾಗಿನಿಂದ ಹನ್ನೊಂದು ಪುಟದ ಕಾಗದ ತೆಗೆದು, ಮೊದಲ ಹತ್ತು ಪುಟ ಒಟ್ಟಿಗೆ ಮಗುಚಿ, ಕೊನೆಯ ಪುಟ ಮುಂದಿಟ್ಟ. ಪೆನ್ನಿನ ಮುಚ್ಚಳ ಅವನೇ ತೆಗೆದು ನನ್ನ ಕೈಗೆ ಕೊಟ್ಟ. ಅದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಹತ್ತು ಪುಟ ಮಗುಚಿದ ಆ ಕೈಗೆ ಅದೆಷ್ಟು ಅಭ್ಯಾಸ! ನಾನು ಪೆನ್ನು ಕೆಳಗಿಟ್ಟು "ಓದಿ ಹೇಳ್ತೀನಿ" ಅಂದೆ. ಮುಖ ಸಣ್ಣಗಾಯಿತು. "ಓದೋಕೆ ಏನಿಲ್ಲ ಸರ್, ಎಲ್ಲರಿಗೂ ಒಂದೇ ಫಾರ್ಮ್" ಅಂದ.

ಏನಿಲ್ಲವಾ? ಕೇಳಿ.

ಬಾಯಲ್ಲಿ ಹೇಳಿದ್ದು ಒಂದು ಪೈಪ್. ಕಾಗದದಲ್ಲಿ ಇದ್ದದ್ದು "ಒಂದು ಅಥವಾ ಹೆಚ್ಚು ಪೈಪ್‌ಲೈನ್‌ಗಳು". ಅಂದರೆ ಇವತ್ತು ಒಂದು ಪೈಪಿಗೆ ದುಡ್ಡು ಕೊಟ್ಟು, ನಾಳೆ ಅದರ ಪಕ್ಕದಲ್ಲೇ ಇನ್ನೆರಡು ಹಾಕಿದರೆ ನಾನು ಬಾಯಿ ಮುಚ್ಚಿಕೊಂಡು ನೋಡಬೇಕು. ಬಾಯಲ್ಲಿ ಹೇಳಿದ್ದು ಗ್ಯಾಸ್. ಕಾಗದದಲ್ಲಿ "ಗ್ಯಾಸ್, ತೈಲ, ಹಾಗೂ ಪೈಪಿನ ಮೂಲಕ ಸಾಗಿಸಬಹುದಾದ ಯಾವುದೇ ವಸ್ತು". ಯಾವುದೇ ವಸ್ತು! ಬಾಯಲ್ಲಿ ಹೇಳಿದ್ದು "ಈ ಪಟ್ಟಿಯೊಳಗೇ ಓಡಾಡ್ತೀವಿ". ಕಾಗದದಲ್ಲಿ "ಮಾಲೀಕರ ಜಮೀನಿನ ಯಾವುದೇ ಭಾಗದ ಮೂಲಕ, ಯಾವುದೇ ಸಮಯದಲ್ಲಿ". ಈ ಹಕ್ಕನ್ನು ಅವರು ಬೇಕಾದವರಿಗೆ ವರ್ಗಾಯಿಸಬಹುದು, ನನ್ನನ್ನು ಕೇಳಬೇಕಾಗಿಲ್ಲ. ನೆಲದ ಮೇಲೆ ವಾಲ್ವ್, ಕಂಬ, ಬೇಲಿ, ಏನು ಬೇಕಾದರೂ ಕಟ್ಟಬಹುದು. ಇದೆಲ್ಲಾ ಎಷ್ಟು ವರ್ಷಕ್ಕೆ? ಶಾಶ್ವತ. ನನಗೆ ದುಡ್ಡು ಎಷ್ಟು ಸಲ? ಒಂದು ಸಲ.

ಇದಕ್ಕೆ "ಓದೋಕೆ ಏನಿಲ್ಲ" ಅಂದವನಿಗೆ ಏನು ಹೇಳಬೇಕು?

ಮೊದಲಿಗೆ ಸರ್ವೆ ಮಾಡುವುದಕ್ಕೆ ಮಾತ್ರ ಒಪ್ಪಿಗೆ ಕೇಳಿದ್ದರು. ಕೊಟ್ಟೆ. ಒಂದು ದಿನ ಹೋಗಿ ನೋಡಿದರೆ ಹೊಲದ ಉದ್ದಕ್ಕೂ ಗೂಟ ಹೊಡೆದು ಗುಲಾಬಿ ಬಣ್ಣದ ರಿಬ್ಬನ್ ಕಟ್ಟಿದ್ದಾರೆ. ಬದುವಿನ ಪಕ್ಕದಲ್ಲಿ ಅಲ್ಲ. ಒಂದು ಮೂಲೆಯಿಂದ ಎದುರು ಮೂಲೆಗೆ, ಓರೆಯಾಗಿ, ನಡುಮಧ್ಯ. ಮಗನನ್ನು ಕರೆದುಕೊಂಡು ಹೋಗಿ ಆ ಪಟ್ಟಿಯ ಅಗಲಕ್ಕೆ ಟೇಪ್ ಹಿಡಿದೆ. ಅವನು ಒಂದು ಗೂಟದ ಹತ್ತಿರ, ನಾನು ಇನ್ನೊಂದರ ಹತ್ತಿರ. 15 ಮೀಟರ್ ದಾಟಿತು, 20 ದಾಟಿತು, ಟೇಪ್ ನಿಂತದ್ದು 25ರಲ್ಲಿ. ಪೈಪ್ ಎಷ್ಟು ದಪ್ಪ? ಎರಡು ಅಡಿ. ಫೋನ್ ಮಾಡಿ ಕೇಳಿದರೆ, 15 ಮೀಟರ್ ಶಾಶ್ವತ, ಇನ್ನು 10 ಮೀಟರ್ ಕೆಲಸ ಮುಗಿಯುವ ತನಕ ಯಂತ್ರ ನಿಲ್ಲಿಸೋಕೆ "ತಾತ್ಕಾಲಿಕ" ಅಂತೆ. ತಾತ್ಕಾಲಿಕ ಅಂದರೆ ಎಷ್ಟು ತಿಂಗಳು? ಕಾಗದದಲ್ಲಿ ಬರೆದಿಲ್ಲ. ನಮ್ಮ ಹೊಲದಲ್ಲಿ ಆ ಓರೆಯ ಉದ್ದ ಸುಮಾರು 400 ಮೀಟರ್. ಶಾಶ್ವತ ಪಟ್ಟಿ ಒಂದೇ ಹತ್ತಿರ ಹತ್ತಿರ ಒಂದೂವರೆ ಎಕರೆ. ಆ ಒಂದೂವರೆ ಎಕರೆಯಲ್ಲಿ ಮನೆ ಕಟ್ಟುವ ಹಾಗಿಲ್ಲ, ಬಾವಿ ತೋಡುವ ಹಾಗಿಲ್ಲ, ಮರ ನೆಡುವ ಹಾಗಿಲ್ಲ.

"ಬದುವಿನ ಅಂಚಿಗೆ ತಗೊಂಡು ಹೋಗಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ" ಅಂದೆ. ಆಗಲ್ವಂತೆ. ಬಾಗಿಸಿದರೆ ಖರ್ಚು ಜಾಸ್ತಿ. ಹೌದಪ್ಪಾ, ನಿಮಗೆ ಖರ್ಚು ಜಾಸ್ತಿ. ಹೊಲ ಎರಡು ತ್ರಿಕೋನ ಆಗಿ ಉಳಿದರೆ ನನಗೆ ಆಗುವುದಕ್ಕೆ ಏನಂತ ಹೆಸರಿಡ್ತೀರಿ?

"ಮೇಲೆ ಮೊದಲಿನ ಹಾಗೇ ಬೆಳೆ ಬೆಳ್ಕೊಳ್ಳಿ" ಅನ್ನುವ ಮಾತಿಗೆ ಬರೋಣ. ನಮ್ಮಿಂದ ಸ್ವಲ್ಪ ದೂರದ ಜಮೀನಿನಲ್ಲಿ ಹಳೆಯ ಲೈನ್ ಒಂದಿದೆ. ಹೋಗಿ ನೋಡಿ ಬಂದೆ. ಪೈಪ್ ಎಲ್ಲಿದೆ ಅಂತ ಯಾರೂ ತೋರಿಸಬೇಕಾಗಿಲ್ಲ. ತಲೆಗೆ ಬೈತಲೆ ತೆಗೆದ ಹಾಗೆ ಬೆಳೆಯ ಮಧ್ಯೆ ಉದ್ದಕ್ಕೆ ಒಂದು ಗೆರೆ. ಎರಡೂ ಕಡೆ ಬೆಳೆ ಸೊಂಟದವರೆಗೆ, ಗೆರೆಯ ಮೇಲೆ ಮೊಣಕಾಲಿನವರೆಗೆ, ಬಣ್ಣವೂ ಬೇರೆ. ಬಗ್ಗಿ ಒಂದು ಹಿಡಿ ಮಣ್ಣು ತೆಗೆದರೆ ಅರ್ಧ ಕಲ್ಲು. ಕೆಳಗಿನ ಮಣ್ಣು ಮೇಲೆ ಬಂದಿದೆ, ಮೇಲಿನ ಮಣ್ಣು ಎಲ್ಲಿಗೆ ಹೋಯಿತೋ. ಮಳೆ ಬಂದಾಗ ಕಾಲುವೆ ತೋಡಿದ ಜಾಗ ಕುಸಿದು ನೀರು ನಿಲ್ಲುತ್ತದೆ. ಆ ಜಮೀನಿನ ಅಣ್ಣ ಸಿಟ್ಟು ಮಾಡಿಕೊಳ್ಳುವುದನ್ನೂ ಬಿಟ್ಟಿದ್ದಾರೆ. "ಆಯ್ತು ಬಿಡಪ್ಪ, ಮೂರು ಸಲ ಕಂಪ್ಲೇಂಟ್ ಕೊಟ್ಟೆ, ಮೂರು ಸಲ ಬಂದು ಫೋಟೋ ತೆಗೆದುಕೊಂಡು ಹೋದರು" ಅಂದರು.

ಇದು ಒಬ್ಬರ ಹೊಲದ ಹಣೆಬರಹ ಅಂದುಕೊಳ್ಳಬೇಡಿ. ಅಮೆರಿಕದ ಅಯೋವಾ ಸ್ಟೇಟ್ ಯೂನಿವರ್ಸಿಟಿಯವರು ಒಂದು ದೊಡ್ಡ ತೈಲ ಪೈಪ್‌ಲೈನ್ ಹಾದುಹೋದ ಹೊಲದಲ್ಲಿ ಅಳೆದು ನೋಡಿದ್ದಾರೆ. ಕೆಲಸ ಮುಗಿದ ಮೇಲಿನ ಮೊದಲ ಎರಡು ಬೆಳೆಗಳಲ್ಲಿ ಮೆಕ್ಕೆಜೋಳದ ಇಳುವರಿ 15 ಪರ್ಸೆಂಟ್ ಕಡಿಮೆ, ಸೋಯಾ 25 ಪರ್ಸೆಂಟ್ ಕಡಿಮೆ. ಕಾರಣ ಏನೂ ರಹಸ್ಯ ಅಲ್ಲ. ಭಾರಿ ಯಂತ್ರಗಳು ಓಡಾಡಿ ಮಣ್ಣು ಗಟ್ಟಿಯಾಗುತ್ತದೆ, ಒದ್ದೆ ಇದ್ದಾಗ ಓಡಾಡಿದರೆ ಇನ್ನೂ ಜಾಸ್ತಿ. ಬೇರು ಇಳಿಯಲ್ಲ, ನೀರು ಇಂಗಲ್ಲ. ಮೇಲ್ಮಣ್ಣನ್ನು ಮೊದಲು ಕೆರೆದು ಒಂದು ಕಡೆ ಗುಡ್ಡೆ ಹಾಕಿ, ಕೆಳಗಿನ ಮಣ್ಣನ್ನು ಇನ್ನೊಂದು ಕಡೆ ಹಾಕಿ, ಮುಚ್ಚುವಾಗ ಅದೇ ಕ್ರಮದಲ್ಲಿ ಮುಚ್ಚಬೇಕು. ಮಳೆಯಲ್ಲಿ ಕೆಲಸ ನಿಲ್ಲಿಸಬೇಕು. ಇವರಿಗೆ ಇದು ಗೊತ್ತಿಲ್ಲದ ವಿದ್ಯೆಯಾ? ಗೊತ್ತು. ಬರೆದುಕೊಡಿ ಅಂದರೆ ಮಾತ್ರ "ಅದೆಲ್ಲಾ ನಾವು ಹೇಗೂ ಮಾಡ್ತೀವಿ ಸರ್" ಅಂತಾರೆ. ಹೇಗೂ ಮಾಡ್ತೀರಿ ಅಂದಮೇಲೆ ಬರೆಯೋಕೆ ಏನು ಕಷ್ಟ?

ಆಳದ್ದೂ ಇದೇ ಕತೆ. ಭಾರತದ ಪೈಪ್‌ಲೈನ್ ಕಾಯ್ದೆಯಲ್ಲಿ ಪೈಪ್ ಮೇಲ್ಮಟ್ಟದಿಂದ ಕನಿಷ್ಠ ಒಂದು ಮೀಟರ್ ಕೆಳಗಿರಬೇಕು ಅಂತಿದೆ. ಅಮೆರಿಕದ ನಿಯಮದಲ್ಲಿ ಹಳ್ಳಿಗಾಡಿನ ಮಾಮೂಲಿ ಮಣ್ಣಿನಲ್ಲಿ ಗ್ಯಾಸ್ ಪೈಪಿನ ಮೇಲೆ 30 ಇಂಚು ಮಣ್ಣಿದ್ದರೆ ಸಾಕು. ಅದೂ ಹಾಕುವ ದಿನದ ಲೆಕ್ಕ. ಮಣ್ಣು ನಿಂತಲ್ಲಿ ನಿಲ್ಲುತ್ತದಾ? ಇಳಿಜಾರಿನ ಹೊಲದಲ್ಲಿ ವರ್ಷಾ ವರ್ಷ ಕೊಚ್ಚಿ ಹೋಗುತ್ತದೆ. ಇಪ್ಪತ್ತು ವರ್ಷ ಆದಮೇಲೆ ನನ್ನ ಮಗ ಆಳವಾಗಿ ಉಳುಮೆ ಮಾಡಿ ನೇಗಿಲು ಪೈಪಿಗೆ ತಾಗಿದರೆ ತಪ್ಪು ಯಾರದು? ಅವರ ಕಾಗದದ ಪ್ರಕಾರ ಹಾನಿ ಮಾಡಿದವನದು. ಆದ್ದರಿಂದ "ಹಾಕುವಾಗ ಅಷ್ಟು ಆಳ" ಅಂತ ಬೇಡ, "ಯಾವಾಗಲೂ ಅಷ್ಟು ಆಳ ಇರುವಂತೆ ನೋಡಿಕೊಳ್ಳಬೇಕು" ಅಂತ ಬರೆಯಿರಿ ಅಂದೆ. ಎರಡನೇ ಏಜೆಂಟ್ ನನ್ನನ್ನು ಹುಚ್ಚನನ್ನು ನೋಡಿದ ಹಾಗೆ ನೋಡಿದ.

ದುಡ್ಡಿನ ವಿಷಯ ಜಾಸ್ತಿ ಹೇಳಲ್ಲ, ಹೇಳಿದರೆ ದುಡ್ಡಿಗೋಸ್ಕರ ಅಳ್ತಾನೆ ಅಂತಾರೆ. ಒಂದು ಮಾತ್ರ ಹೇಳ್ತೀನಿ. ಇವರು ಹಕ್ಕಿನ ದುಡ್ಡು, ಬೆಳೆ ನಷ್ಟ, ಮಣ್ಣಿನ ನಷ್ಟ, ಬೇಲಿ, ಮರ, ಎಲ್ಲಾ ಸೇರಿಸಿ ಒಂದೇ ಮೊತ್ತ ಬರೆದುಕೊಂಡು ಬರುತ್ತಾರೆ. ದೊಡ್ಡದಾಗಿ ಕಾಣುತ್ತದೆ. ಅದರ ಕೆಳಗೇ ಒಂದು ಸಾಲು ಇರುತ್ತದೆ: "ಮೇಲಿನ ಮೊತ್ತವು ಇಂದಿನ ಹಾಗೂ ಮುಂದಿನ ಎಲ್ಲಾ ನಷ್ಟಗಳನ್ನು ಒಳಗೊಂಡಿದೆ". ಅಲ್ಲಿಗೆ ಮುಗಿಯಿತು. ಮೂರು ವರ್ಷ ಬೆಳೆ ಬರದಿದ್ದರೂ ನೀವು ಆಗಲೇ ತಗೊಂಡಾಗಿದೆ. ಬೇರೆ ಬೇರೆ ಬರೆಯಿರಿ, ಬೆಳೆ ನಷ್ಟವನ್ನು ಆದ ಮೇಲೆ ಅಳೆದು ಕೊಡಿ ಅಂತ ಕೇಳಿದ್ದಕ್ಕೆ ತಿಂಗಳುಗಟ್ಟಲೆ ಫೋನೇ ಇಲ್ಲ.

ಆಮೇಲೆ ಬಂದವನು ಮೂರನೆಯವನು. ಇವನು ಸಿಹಿ ಮಾತಿನವನಲ್ಲ. ನಿಂತುಕೊಂಡೇ ಹೇಳಿದ, "ನೀವು ಸಹಿ ಹಾಕಿದ್ರೂ ಪೈಪ್ ಬರತ್ತೆ, ಹಾಕದಿದ್ರೂ ಬರತ್ತೆ. ಹಾಕಿದ್ರೆ ಈ ದುಡ್ಡು, ಹಾಕದಿದ್ರೆ ಕೋರ್ಟು ಕೊಟ್ಟಷ್ಟು."

ನನಗೆ ಅತಿ ಹೆಚ್ಚು ಉರಿದದ್ದು ಈ ಮಾತಿಗೆ, ಯಾಕೆಂದರೆ ಇದು ಪೂರ್ತಿ ಸುಳ್ಳಲ್ಲ. ಎಲ್ಲಿಯ ಕಾನೂನು ನೋಡಿದರೂ ದಾರಿ ಅವರಿಗೇ ಇದೆ. ಭಾರತದಲ್ಲಿ 1962ರ ಪೆಟ್ರೋಲಿಯಂ ಪೈಪ್‌ಲೈನ್ ಕಾಯ್ದೆಯಡಿ ಸರ್ಕಾರ ಅಧಿಸೂಚನೆ ಹೊರಡಿಸಿ ಬಳಕೆಯ ಹಕ್ಕನ್ನು ತೆಗೆದುಕೊಳ್ಳಬಹುದು. ಆಕ್ಷೇಪಣೆಗೆ 21 ದಿನ. ಆಗುವ ಹಾನಿಯ ಪರಿಹಾರ ಬೇರೆ, ಆದರೆ ಆ ಹಕ್ಕಿಗೆ ಅಂತ ಕಾಯ್ದೆ ಹೇಳುವುದು ಜಮೀನಿನ ಮಾರುಕಟ್ಟೆ ಬೆಲೆಯ 10 ಪರ್ಸೆಂಟ್. ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಹೋಗುವ ಗ್ಯಾಸ್ ಪೈಪಿಗೆ ಅನುಮತಿ ಸಿಕ್ಕ ಖಾಸಗಿ ಕಂಪನಿಯೇ ಕೋರ್ಟಿಗೆ ಹೋಗಿ ಜಮೀನಿನ ಹಕ್ಕು ಕಿತ್ತುಕೊಳ್ಳಬಹುದು. 1947ರಿಂದ ಅಲ್ಲಿ ಹೀಗಿದೆ. ಬೇಡ ಅನ್ನುವ ಹಕ್ಕೇ ಇಲ್ಲದವನ ಜೊತೆ ಕೂತು ಮಾತಾಡುವುದಕ್ಕೆ ಇವರು "ಮಾತುಕತೆ" ಅಂತ ಹೆಸರಿಟ್ಟಿದ್ದಾರೆ. ಕುತ್ತಿಗೆಗೆ ಹಗ್ಗ ಹಾಕಿ, ಗಂಟು ಎಡಕ್ಕಿರಲಾ ಬಲಕ್ಕಿರಲಾ ಅಂತ ಕೇಳಿದ ಹಾಗೆ.

ಆದರೆ ಅವನು ಹೇಳದ ಅರ್ಧ ಇನ್ನೊಂದಿದೆ. ಕೋರ್ಟು, ಅಧಿಸೂಚನೆ ಅಂದರೆ ಅವರಿಗೂ ತಡ, ಅವರಿಗೂ ಖರ್ಚು. ಅದಕ್ಕೇ ತಾನೇ ಮನೆ ಮನೆಗೆ ಪೆನ್ನು ಹಿಡಿದುಕೊಂಡು ಬರುವುದು!

ಮತ್ತೆ, "ಹೇಗೂ ಬರತ್ತೆ" ಅನ್ನುವ ಪೈಪ್ ಎಲ್ಲಾ ಬರುವುದೂ ಇಲ್ಲ. ಪೆನ್ಸಿಲ್ವೇನಿಯಾದಲ್ಲಿ ಒಂದು ಕುಟುಂಬದ ಮೇಪಲ್ ತೋಪಿನಲ್ಲಿ 2016ರಲ್ಲಿ ನೂರಾರು ಮರ ಉರುಳಿಸಿದರು, ಗ್ಯಾಸ್ ಪೈಪಿಗೆ ದಾರಿ ಮಾಡಬೇಕು ಅಂತ. ಮನೆಯವರು ಒಪ್ಪಿರಲಿಲ್ಲ, ಕೋರ್ಟ್ ಆದೇಶದ ಬಲದಲ್ಲಿ ಕಡಿದದ್ದು. 2020ರಲ್ಲಿ ಆ ಯೋಜನೆಯನ್ನೇ ಕೈಬಿಟ್ಟರು. ಪೈಪ್ ಬರಲಿಲ್ಲ, ಮರವೂ ಉಳಿಯಲಿಲ್ಲ. ಆ ಪೈಪ್‌ಲೈನಿನ ಹೆಸರು ಏನು ಗೊತ್ತಾ? ಕಾನ್‌ಸ್ಟಿಟ್ಯೂಷನ್. ಸಂವಿಧಾನ! ಅದೇ 2020ರಲ್ಲಿ ಅಟ್ಲಾಂಟಿಕ್ ಕೋಸ್ಟ್ ಅನ್ನುವ ಇನ್ನೊಂದು ದೊಡ್ಡ ಯೋಜನೆಯೂ ನಿಂತುಹೋಯಿತು. ಅಲ್ಲಿ ಯೋಜನೆ ಸತ್ತರೂ ಜನ ಬರೆದುಕೊಟ್ಟಿದ್ದ ಈಸ್‌ಮೆಂಟ್ ತಾನಾಗಿ ಸಾಯಲಿಲ್ಲ, ಜಮೀನಿನ ಕಾಗದದ ಮೇಲೆ ಹಾಗೇ ಕೂತಿತ್ತು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಗ್ಗೆ ಎದ್ದವನೇ ಒಂದು ಸಾಲು ಬರೆದಿಟ್ಟೆ: ಇಷ್ಟು ವರ್ಷದಲ್ಲಿ ಪೈಪ್ ಹಾಕದಿದ್ದರೆ, ಅಥವಾ ಹಾಕಿ ಬಳಸುವುದನ್ನು ಬಿಟ್ಟರೆ, ಹಕ್ಕು ರದ್ದು, ಪೈಪ್ ತೆಗೆದುಕೊಂಡು ಹೋಗಬೇಕು. ಬರೆಯದಿದ್ದರೆ ಹಾಳು ಪೈಪನ್ನು ನೆಲದೊಳಗೇ ಬಿಟ್ಟು ಹೋಗುತ್ತಾರೆ. ನನ್ನ ಮೊಮ್ಮಕ್ಕಳಿಗೆ ಆಸ್ತಿ.

ಅಕ್ಕಪಕ್ಕದವರ ಜೊತೆ ಮಾತಾಡೋಣ ಅಂದರೆ ಅದಕ್ಕೂ ಕಲ್ಲು. ಸಹಿ ಹಾಕಿದವರ ಕಾಗದದಲ್ಲಿ "ಮೊತ್ತವನ್ನು ಯಾರಿಗೂ ಹೇಳಬಾರದು" ಅಂತ ಇದೆಯಂತೆ. ಅದನ್ನೂ ಹೇಳಬಹುದೋ ಇಲ್ಲವೋ ಅಂತ ಒಬ್ಬರು ಪಿಸುಗುಟ್ಟಿ ಹೇಳಿದರು. ನನಗೆ "ಪಕ್ಕದವರೆಲ್ಲಾ ಹಾಕಿದ್ದಾರೆ, ನೀವೊಬ್ಬರೇ ಬಾಕಿ" ಅಂದರು. ಪಕ್ಕದವರನ್ನು ಕೇಳಿದರೆ ಅವರಿಗೂ ನನ್ನ ಹೆಸರು ಹೇಳಿ ಇದೇ ಮಾತು ಅಂದಿದ್ದಾರೆ! ಇದು ಯಾವ ಸೀಮೆ ವ್ಯಾಪಾರ ಸ್ವಾಮಿ?

ಇನ್ನು ನೆಂಟರಿಷ್ಟರು. "ಅಭಿವೃದ್ಧಿ ಕೆಲಸ, ಯಾಕೆ ಅಡ್ಡ ಹಾಕ್ತೀಯಾ" ಅಂತ. ನಾನೆಲ್ಲಿ ಅಡ್ಡ ಹಾಕಿದ್ದೀನಿ? ನನ್ನ ಮನೆಯಲ್ಲೂ ಗ್ಯಾಸ್ ಉರಿಯುತ್ತದೆ. ಪೈಪ್ ಬೇಡ ಅಂತ ಒಂದು ದಿನವೂ ಅಂದಿಲ್ಲ. ಬಾಯಲ್ಲಿ ಹೇಳಿದ್ದನ್ನು ಕಾಗದದಲ್ಲಿ ಬರೆಯಿರಿ ಅಂದೆ. ಅಷ್ಟೇ. ಹದಿನಾಲ್ಕು ತಿಂಗಳು ಹೋದದ್ದು ಆ "ಅಷ್ಟೇ"ಗೆ.

ತಮಾಷೆ ಏನು ಅಂದರೆ, "ಬದಲಾಯಿಸೋಕೇ ಆಗಲ್ಲ" ಅಂದ ಆ ಫಾರ್ಮ್ ಬದಲಾಗಿದೆ. ವಕೀಲರ ಹತ್ತಿರ ಹೋಗಿ ಒಂದು ಪತ್ರ ಬರೆಸಿದೆ. ಮೂರು ವಾರದಲ್ಲಿ "ಒಂದು ಅಥವಾ ಹೆಚ್ಚು" ಹೋಗಿ "ಒಂದು" ಆಯಿತು. "ಯಾವುದೇ ವಸ್ತು" ಹೋಗಿ ಬರೀ ಗ್ಯಾಸ್ ಆಯಿತು. ಮೇಲ್ಮಣ್ಣು ಬೇರೆ ಇಡುವುದು ಬಂತು. ಅಂದರೆ ಮೊದಲಿನಿಂದಲೂ ಆಗುತ್ತಿತ್ತು! ಪೆನ್ನು ಕೈಗೆ ಕೊಟ್ಟ ದಿನ ನಾನು ಸಹಿ ಹಾಕಿಬಿಟ್ಟಿದ್ದರೆ? ಹಾಕಿದವರು ಎಷ್ಟು ಜನ ಇದ್ದಾರೋ. ಅವರೆಲ್ಲಾ ದಡ್ಡರಲ್ಲ. ಮನೆಗೆ ಬಂದವರನ್ನು ನಂಬಿದವರು.

ಆಳದ ಸಾಲು, ಓರೆಯ ದಾರಿ, ಕೈಬಿಟ್ಟರೆ ರದ್ದು ಅನ್ನುವ ಸಾಲು, ಈ ಮೂರು ಬಾಕಿ ಇದ್ದವು. ಮೂರನೆಯವನು, ಅದೇ ಆ ಒರಟ, "ಮುಂದಿನ ವಾರ ನಕ್ಷೆ ತರ್ತೀನಿ" ಅಂದಿದ್ದ. ಅವನ ಮೇಲೆ ಸ್ವಲ್ಪ ಮರ್ಯಾದೆಯೂ ಬಂದಿತ್ತು, ಕನಿಷ್ಠ ಸುಳ್ಳು ನಗು ಇರಲಿಲ್ಲ.

ನಿನ್ನೆ ಗೇಟ್ ಹತ್ತಿರ ಬೈಕ್ ನಿಂತಿತು. ಹೊಸ ಹುಡುಗ. ಮೂರನೆಯವನು ಕೆಲಸ ಬಿಟ್ಟನಂತೆ, ಫೈಲ್ ಇವನಿಗೆ ಇನ್ನೂ ಸಿಕ್ಕಿಲ್ಲವಂತೆ. ಕೂತ, ಅಪ್ಪನ ಮಂಡಿ ವಿಚಾರಿಸಿದ. ಬ್ಯಾಗಿನಿಂದ ಕಾಗದ ತೆಗೆದ. ಹನ್ನೊಂದು ಪುಟ. ಆರನೇ ಸಾಲಿನಲ್ಲಿ "ಒಂದು ಅಥವಾ ಹೆಚ್ಚು ಪೈಪ್‌ಲೈನ್‌ಗಳು".