ದೆವ್ವ ತೆಲುಗಲ್ಲಿ ಕೂಗಿದ ರಾತ್ರಿ

ಕೋಲಾರದವರಿಗೆ ಒಂದು ಕಷ್ಟ ಇದೆ. ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಕೆಜಿಎಫ್ ಕಡೆ ಹೋದರೆ ತಮಿಳು. ಹೀಗಾಗಿ ಯಾವ ಭಾಷೆಯಲ್ಲಿ ದೆವ್ವದ ಸಿನಿಮಾ ಬಂದರೂ ನಮಗೆ ಅರ್ಥವಾಗಿಬಿಡುತ್ತದೆ. ಒಂದೇ ದೆವ್ವಕ್ಕೆ ಎಷ್ಟು ಸಲ ಅಂತ ಹೆದರೋದು?

2004ರಲ್ಲಿ ‘ಆಪ್ತಮಿತ್ರ’ ನೋಡಿ ಮೂರು ದಿನ ನಾನು ಬಚ್ಚಲಿಗೆ ಒಬ್ಬನೇ ಹೋಗಿರಲಿಲ್ಲ. ನಾಗವಲ್ಲಿ ತೆಲುಗು ಮಾತಾಡಿದ್ದೇ ತಡ ನಮ್ಮಜ್ಜಿ, “ಅಯ್ಯೋ ಪಾಪ, ನಮ್ಮ ಕಡೆ ಹುಡುಗಿ ಕಣೋ” ಅಂತ ಕಣ್ಣೊರೆಸಿಕೊಂಡರು. ಮರುವರ್ಷ ಅದೇ ನಿರ್ದೇಶಕರು ಅದೇ ಕಥೆಯನ್ನು ತಮಿಳಲ್ಲಿ ‘ಚಂದ್ರಮುಖಿ’ ಅಂತ ಮಾಡಿದರು. ಅರ್ಧ ಹೆದರಿದೆ. 2007ರಲ್ಲಿ ಹಿಂದಿಗೆ ಬಂದಾಗ ಕಡಲೆಕಾಯಿ ಸುಲಿಯುತ್ತಾ ಕೂತಿದ್ದೆ. ಕೊನೆಗೆ ಇವೆಲ್ಲದರ ತಾಯಿಬೇರು, 1993ರ ಮಲಯಾಳಂ ‘ಮಣಿಚಿತ್ರತ್ತಾಳ್’ ನೋಡಿದೆ. ಅಷ್ಟು ಒಳ್ಳೆ ಸಿನಿಮಾ, ಏನು ಪ್ರಯೋಜನ? ಕೊನೆಗೆ ಅದು ದೆವ್ವವಲ್ಲ, ಮನಸ್ಸಿನ ಕಾಯಿಲೆ ಅಂತ ನನಗೆ ಗೊತ್ತಾಗಿದ್ದು ಅದು ನಾಲ್ಕನೇ ಸಲ.

ಒಂದು ವಿಷಯ ಮಾತ್ರ ಕಂಡುಹಿಡಿದೆ. ಮಲಯಾಳಂ ದೆವ್ವ ತಮಿಳು ಮಾತಾಡುತ್ತೆ. ಕನ್ನಡದ್ದೂ ತಮಿಳಿನದ್ದೂ ತೆಲುಗು. ಹಿಂದಿಯದ್ದು ಬಂಗಾಳಿ. ದೆವ್ವ ಯಾವಾಗಲೂ ಪಕ್ಕದ ಮನೆಯದ್ದೇ!

ಹಾಲಿವುಡ್‌ನವರು ಇನ್ನೂ ಒಂದು ಕೈ ಮೇಲು. 1960ರ ‘ಸೈಕೋ’ವನ್ನು 1998ರಲ್ಲಿ ಹೆಚ್ಚುಕಡಿಮೆ ಶಾಟಿಗೆ ಶಾಟ್ ಮತ್ತೆ ತೆಗೆದರು. ನಾವು ಹೋಮ್‌ವರ್ಕ್ ಕಾಪಿ ಹೊಡೆಯುವಾಗಲೂ ಮೇಷ್ಟ್ರಿಗೆ ಅನುಮಾನ ಬರದಿರಲಿ ಅಂತ ಎರಡು ತಪ್ಪು ಸೇರಿಸುತ್ತಿದ್ದೆವು.

ಇದನ್ನೆಲ್ಲ ಚಿಕ್ಕಮ್ಮನ ಮನೆಯಲ್ಲಿ ರಾತ್ರಿ ಹನ್ನೊಂದರವರೆಗೆ ಭಾಷಣ ಬಿಗಿದು ಬೈಕ್ ಹತ್ತಿದೆ. 2023ರ ಜುಲೈ. ಶ್ರೀನಿವಾಸಪುರ ರಸ್ತೆಯಲ್ಲಿ, ಸರಿಯಾಗಿ ಹುಣಸೆಮರದ ಕೆಳಗೆ, ಪೆಟ್ರೋಲ್ ಮುಗಿಯಿತು. ಸಿನಿಮಾದಲ್ಲೂ ಗಾಡಿ ಅಲ್ಲೇ ಕೆಡೋದು ಅಲ್ವಾ? ನಗು ಬಂತು.

ಆಗ ಹೊಲದಲ್ಲಿ ಬೆಳ್ಳಗೆ ಏನೋ ಎದ್ದಿತು. ಪರಪರ ಅಂದಿತು. ಬಗ್ಗಿತು. ಮತ್ತೆ ಎದ್ದಿತು. ಇದು ಯಾವ ಸಿನಿಮಾದ್ದು ಅಂತ ಯೋಚಿಸಿದೆ. ಯಾವುದರಲ್ಲೂ ಇಲ್ಲ. ಒರಿಜಿನಲ್! ಕೈಕಾಲು ತಣ್ಣಗಾದವು. ಅಷ್ಟರಲ್ಲಿ ಬೆನ್ನ ಹಿಂದಿನಿಂದ ಒಂದು ದನಿ:

“ಎವರ್ರಾ ಅದಿ?”

ತೆಲುಗು! ನಾನು ಕಿರುಚಿದ್ದು ಊರಲ್ಲಿ ಕೋಲಾರಮ್ಮನಿಗೂ ಕೇಳಿಸಿರಬೇಕು.

ಟಾರ್ಚ್ ಬೆಳಕು ಮುಖಕ್ಕೆ ಬಿತ್ತು. ಕಂಬಳಿ ಹೊದ್ದು, ದೊಣ್ಣೆ ಹಿಡಿದ ರೈತ. ಆಗ ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿತ್ತು. ಕೋಲಾರ ಮಂಡಿಯಲ್ಲಿ ಹದಿನೈದು ಕೆಜಿ ಬಾಕ್ಸ್ ಎರಡು ಸಾವಿರದ ಮೇಲೆ ಹೋಗಿತ್ತು. ಜನ ತೋಟದಲ್ಲೇ ಮಲಗಿ ಕಾಯುತ್ತಿದ್ದರು. ಬೆಳ್ಳಗೆ ಎದ್ದಿದ್ದು ಅವರ ಗಿಡದ ಸಾಲಿಗೆ ಹೊದಿಸಿದ್ದ ಪ್ಲಾಸ್ಟಿಕ್, ಹರಿದ ಮಲ್ಚಿಂಗ್ ಶೀಟು.

“ಅಣ್ಣಾ, ಪೆಟ್ರೋಲ್ ಮುಗೀತು ಅಷ್ಟೇ” ಅಂದೆ.

“ಆ ಬ್ಯಾಗಲ್ಲಿ ಏನೈತೆ, ತೆಗಿ” ಅಂದರು.

ತೆಗೆದೆ. ಚಿಕ್ಕಮ್ಮ ಪ್ರೀತಿಯಿಂದ ಕಟ್ಟಿಕೊಟ್ಟಿದ್ದ ಎರಡು ಕೆಜಿ ಟೊಮೆಟೊ.

ಮುಂದಿನ ಅರ್ಧ ಗಂಟೆ ಬಗ್ಗೆ ಜಾಸ್ತಿ ಹೇಳೋದಿಲ್ಲ. ಚಿಕ್ಕಮ್ಮನಿಗೆ ಫೋನ್ ಹೋಯಿತು. ಅವರೂ ನನ್ನ ಪರವಾಗಿ ಪೂರ್ತಿ ಗಟ್ಟಿಯಾಗಿ ಮಾತಾಡಲಿಲ್ಲ. ಕೊನೆಗೆ ಆ ಪುಣ್ಯಾತ್ಮರು ತಮ್ಮ ಟಿವಿಎಸ್‌ನಿಂದ ಒಂದು ಬಾಟಲಿ ಪೆಟ್ರೋಲ್ ಇಳಿಸಿ ಕೊಟ್ಟರು.

ಹತ್ತು ದಿನ ಬಿಟ್ಟು ಅದೇ ದಾರಿಯ ಟೀ ಅಂಗಡಿಯಲ್ಲಿ ಕೂತಿದ್ದೆ. ಪಕ್ಕದ ಬೆಂಚಲ್ಲಿ ಒಬ್ಬರು ಕಥೆ ಹೇಳುತ್ತಿದ್ದರು. ಹುಣಸೆಮರದ ಕೆಳಗೆ ನಡುರಾತ್ರಿ ಏನೋ ನಿಂತಿತ್ತಂತೆ. ಟಾರ್ಚ್ ಬಿಟ್ಟರೆ ಹೆಣ್ಣು ದನಿಯಲ್ಲಿ ಕಿರುಚಿತಂತೆ. ಕಾಲು ಹಿಂದುಮುಂದು ಇತ್ತಂತೆ.

“ಯಾವ ಭಾಷೆ ಮಾತಾಡ್ತಂತೆ?” ಅಂತ ಕೇಳಿದೆ.

“ಕನ್ನಡ” ಅಂದರು.