ಫೈಲನ್ನು ಓದಿದ ಸಮಯವನ್ನು ದಾಖಲಿಸಬೇಕೆ? ‘ನೋಏಟೈಮ್’ ಪರ-ವಿರೋಧ

ಪರ

ಲಿನಕ್ಸ್‌ನಂಥ ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಪ್ರತಿ ಫೈಲಿನ ಐನೋಡ್ (ಫೈಲಿನ ಬಗೆಗಿನ ವಿವರಗಳ ದಾಖಲೆ) ಕನಿಷ್ಠ ಮೂರು ಸಮಯಗಳನ್ನು ಇಟ್ಟುಕೊಳ್ಳುತ್ತದೆ: ಕಡೆಯ ಬಾರಿ ಓದಿದ್ದು ಏಟೈಮ್, ಒಳಗಿನ ವಿಷಯ ಬದಲಾದದ್ದು ಎಂಟೈಮ್, ಐನೋಡೇ ಬದಲಾದದ್ದು ಸಿಟೈಮ್. ಇವುಗಳಲ್ಲಿ ಏಟೈಮ್ ಮಾತ್ರ ಬರೀ ಓದುವ ಕೆಲಸವನ್ನೂ ಡಿಸ್ಕಿಗೆ ಬರೆಯುವ ಕೆಲಸವನ್ನಾಗಿ ಮಾಡುತ್ತದೆ. ಈ ದಾಖಲೆಯನ್ನು ನಿಲ್ಲಿಸುವ ಆಯ್ಕೆಯೇ ‘ನೋಏಟೈಮ್’. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಡೆವಲಪರ್ ಇಂಗೋ ಮೋಲ್ನಾರ್ 2007ರಲ್ಲೇ ಇದನ್ನು ಲಿನಕ್ಸ್‌ನ ಅತಿ ದೊಡ್ಡ ಐ/ಒ (ಡಿಸ್ಕಿನ ಓದು-ಬರಹದ) ಕೊರತೆಯೆಂದು ಗುರುತಿಸಿದ್ದರು. 2009ರಲ್ಲಿ ಬಂದ ಕರ್ನಲ್‌ನ 2.6.30 ಆವೃತ್ತಿ, ಪ್ರತಿ ಓದಿಗೂ ಅಲ್ಲದೆ ಕೆಲವು ಸಂದರ್ಭಗಳಲ್ಲಷ್ಟೇ ಏಟೈಮ್ ಬರೆಯುವ ‘ರೆಲ್‌ಏಟೈಮ್’ ಅನ್ನು ಡೀಫಾಲ್ಟ್ ಮಾಡಿದ ಮೇಲೆ ಹೊರೆ ಇಳಿಯಿತೇ ಹೊರತು ನೀಗಲಿಲ್ಲ. ದಾಖಲಾದ ಏಟೈಮ್‌ಗೆ 24 ಗಂಟೆ ಕಳೆದಿದ್ದರೆ ಮುಂದಿನ ಓದು ಅದನ್ನು ಮತ್ತೆ ಬರೆಯುತ್ತದೆ.

ಬದಲಾದ ಬ್ಲಾಕನ್ನು ಅಲ್ಲೇ ತಿದ್ದದೆ ಹೊಸ ಜಾಗದಲ್ಲಿ ಬರೆಯುವ ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಯಲ್ಲಿ ಇದರ ಬೆಲೆ ಕಣ್ಣಿಗೇ ಕಾಣುತ್ತದೆ. ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ಪ್ರತಿ) ತೆಗೆದ ಮರುದಿನ ಇಡೀ ಡೈರೆಕ್ಟರಿಯ ಮೇಲೆ ಪದ ಹುಡುಕುವ ‘ಗ್ರೆಪ್’ ಓಡಿಸಿದರೆ, ಯಾವ ಫೈಲಿನಲ್ಲೂ ಒಂದಕ್ಷರ ಬದಲಾಗದಿದ್ದರೂ ಸಾವಿರಾರು ಐನೋಡ್‌ಗಳ ಏಟೈಮ್ ಬದಲಾಗುತ್ತದೆ. ಅಲ್ಲಿಯವರೆಗೆ ಸ್ನ್ಯಾಪ್‌ಶಾಟಿನೊಂದಿಗೆ ಹಂಚಿಕೊಂಡಿದ್ದ, ಐನೋಡ್‌ಗಳಿರುವ ಮೆಟಾಡೇಟಾ ಬ್ಲಾಕ್‌ಗಳಿಗೆ ಹೊಸ ಪ್ರತಿಗಳಾಗಿ ಜಾಗ ಖರ್ಚಾಗುತ್ತದೆ. ಯಾರೂ ಕೇಳದ ಮಾಹಿತಿಗಾಗಿ ಇಷ್ಟು ತೆರುವುದು ಸರಿಯಲ್ಲ. ಡಿಸ್ಕುಗಳನ್ನು ಹೇಗೆ ಮೌಂಟ್ ಮಾಡಬೇಕು (ವ್ಯವಸ್ಥೆಗೆ ಜೋಡಿಸಬೇಕು) ಎಂದು ಹೇಳುವ ‘ಎಫ್‌ಎಸ್‌ಟ್ಯಾಬ್’ ಫೈಲಿನ ಸಾಲಿಗೆ ‘ನೋಏಟೈಮ್’ ಎಂಬ ಒಂದು ಪದ ಸೇರಿಸಿದರೆ ಇದು ನಿಲ್ಲುತ್ತದೆ.

ವಿರೋಧ

ಯಾರೂ ಕೇಳುವುದಿಲ್ಲ ಎಂಬುದು ನಿಜವಲ್ಲ. ಪತ್ರಗಳೆಲ್ಲ ಒಂದೇ ಫೈಲಿನಲ್ಲಿರುವ ಎಂಬಾಕ್ಸ್ ಅಂಚೆಪೆಟ್ಟಿಗೆಗೆ ಹೊಸ ಪತ್ರ ಬಂದಿದೆಯೇ ಎಂಬುದನ್ನು ‘ಮಟ್’ ಎಂಬ ಇಮೇಲ್ ತಂತ್ರಾಂಶ ತಿಳಿಯುವುದು ಎಂಟೈಮ್ ಮತ್ತು ಏಟೈಮ್‌ಗಳನ್ನು ಹೋಲಿಸಿಯೇ. ರೆಲ್‌ಏಟೈಮ್ ಈ ಹೋಲಿಕೆ ಕೆಡದಂತೆ, ಏಟೈಮ್ ಎಂಟೈಮ್‌ಗಿಂತ ಹಿಂದೆ ಬಿದ್ದಾಗಲೂ ಅದನ್ನು ನವೀಕರಿಸುತ್ತದೆ.

ಹೆಚ್ಚಿನ ಅಪಾಯವಿರುವುದು ತಾತ್ಕಾಲಿಕ ಫೈಲುಗಳಲ್ಲಿ. ಅವುಗಳನ್ನು ಶುಚಿಮಾಡುವ ‘ಸಿಸ್ಟಮ್‌ಡಿ-ಟಿಎಂಪಿಫೈಲ್ಸ್’ ಹಳೆಯ ಫೈಲುಗಳನ್ನು ಅಳಿಸುವ ಮುನ್ನ ಏಟೈಮ್ ಅನ್ನೂ ನೋಡುತ್ತದೆ. ಒಮ್ಮೆ ಬರೆದು ದಿನವೂ ಓದುವ ಫೈಲೊಂದು ತಾತ್ಕಾಲಿಕ ಫೈಲುಗಳ ಡೈರೆಕ್ಟರಿಯಾದ ‘ವಾರ್/ಟಿಎಂಪಿ’ಯಲ್ಲಿದ್ದರೆ, ಮೇಲೆ ದೂರಿದ ಆ 24 ಗಂಟೆಯ ನಿಯಮವೇ ಅದನ್ನು ಕಾಯುತ್ತದೆ, ನೋಏಟೈಮ್ ಹಾಕಿದಲ್ಲಿ ಬಳಕೆಯಲ್ಲಿರುವ ಆ ಫೈಲು ಅವಧಿ ಮುಗಿದದ್ದೆಂದು ಅಳಿದುಹೋಗಬಹುದು.

ಬರೆಯುವ ಹೊರೆಯೇ ಚಿಂತೆಯಾದರೆ, ಇಎಕ್ಸ್‌ಟಿ4 ಫೈಲ್ ವ್ಯವಸ್ಥೆ ಬಳಸುವವರಿಗೆ 2015ರ 4.0 ಕರ್ನಲ್‌ನಿಂದ ‘ಲೇಜಿಟೈಮ್’ ಇದೆ: ಸಮಯದ ಬದಲಾವಣೆಯನ್ನು ಮೆಮೊರಿಯಲ್ಲಿಟ್ಟು ಡಿಸ್ಕಿಗೆ ತಡವಾಗಿ ಬರೆಯುತ್ತದೆ. ಸ್ನ್ಯಾಪ್‌ಶಾಟ್‌ಗಳ ಮಾತು ಬೇರೆ, ಆ ವಾದವನ್ನು ಒಪ್ಪಲೇಬೇಕು. ಅಂಥ ವಾಲ್ಯೂಮಿಗಷ್ಟೇ ನೋಏಟೈಮ್ ಹಾಕಿದರೆ ಸಾಕು, ಆಯ್ಕೆ ಇರುವುದೇ ಮೌಂಟ್‌ಗೊಂದರಂತೆ. ಇಡೀ ಯಂತ್ರಕ್ಕೆ ಹಾಕಿ, ಆರು ತಿಂಗಳಿಂದ ಯಾರೂ ಮುಟ್ಟದ ಫೈಲುಗಳು ಯಾವುವೆಂದು ಮುಂದೊಂದು ದಿನ ಫೈಲು ಹುಡುಕುವ ‘ಫೈಂಡ್’ಗೆ ಕೇಳಿದರೆ, ದಾಖಲಾಗದ ಓದುಗಳನ್ನು ಯಾವ ಸಾಧನವೂ ಮರಳಿ ತರಲಾರದು.